ನನಗೆ ನಾನೇ ಸವತಿಯಾದ ಮಳೆಗಾಲ

ಹೋದ ವಾರ ಕಣ್ಣು ತೋರಿಸಿಕೊಳ್ಳಲು ಇಲ್ಲೇ ಹೈದರಾಬಾದಿನ ಬೇಗಂಪೇಟೆಗೆ ಹೋಗಿದ್ದೆ. ಆಟೋ ಇಳಿಯುವಷ್ಟರಲ್ಲಿ ಮಳೆ ಹೊಡೆಯಿತು. ಸೀರೆಯ ನೆರಿಗೆ ಎತ್ತಿ ಹಿಡಿದು, ಎದುರಿಗೆ ಕಂಡ ಗಾಜಿನ ಕಟ್ಟಡದ ಬಾಗಿಲಿಗೆ ಓಡಿ ನಿಂತೆ. ಯಾರೋ ಬಾಗಿಲು ತೆಗೆದರು. ಒಳಗಿನಿಂದ ತೊಯ್ದ ಕಾರ್ಪೆಟ್ಟಿನ ಮುಗ್ಗಲು ವಾಸನೆ, ಅದನ್ನು ಮುಚ್ಚಲು ಹೊಡೆದ ಅಗ್ಗದ ಸೆಂಟಿನ ವಾಸನೆ, ಅದರ ಬೆನ್ನಿಗೆ ಏಸಿಯ ಥಂಡಿ, ಎಲ್ಲ ಒಟ್ಟಿಗೆ ಮುಖಕ್ಕೆ ಬಡಿದವು. ಅದು ಯಾವುದೋ ಇನ್ಶೂರೆನ್ಸ್ ಆಫೀಸು. ಪಾಪ, ನನಗೇನೂ ಮಾಡಿರಲಿಲ್ಲ. ಆದರೆ ಹೋದ ವರ್ಷ ನಾನು ಎಡತಾಕಿದ ವೀಸಾ ಕಟ್ಟಡದ ವಾಸನೆಯೂ ಹೀಗೇ ಇತ್ತು. ನನ್ನ ಹಲ್ಲು ತಾವಾಗಿ ಕಡಿದುಕೊಂಡವು. ಅಲ್ಲಿ ನಿಲ್ಲಲಾರದೆ ಮಳೆಯಲ್ಲೇ ಇಳಿದು ನಡೆದುಬಿಟ್ಟೆ.

ನಾನೀಗ ಅಜ್ಜಿ. ಮೊಮ್ಮಗಳಿಗೆ ಕೆಳಗಿನ ಹಲ್ಲು ಬಂದಿವೆ. ಫೋನಿನಲ್ಲಿ ನನ್ನ ಮುಖ ಕಂಡರೆ ಆ ಗಾಜನ್ನೇ ನೆಕ್ಕುತ್ತಾಳೆ. ನಾನೂ ಈ ಕಡೆಯಿಂದ ಗಾಜಿಗೆ ಮುದ್ದು ಕೊಡುತ್ತೇನೆ. ಓಣಿಯ ಹೆಂಗಸರು ನಗುತ್ತಾರೆ, ನಗಲಿ. ಇಷ್ಟು ಸುಖ ಬಂದ ಮೇಲೆ ಹಳೆಯ ಸಿಟ್ಟನ್ನು ಬಿಟ್ಟುಬಿಡು ಎಂದು ನಮ್ಮವರು, ಅಂದರೆ ನನ್ನ ಗಂಡ, ದಿನಾ ಬುದ್ಧಿ ಹೇಳುತ್ತಾರೆ. ಯಾಕೆ ಬಿಡಲಿ? ಹಿಗ್ಗು ಒಂದು ಮೂಲೆಯಲ್ಲಿರಲಿ, ಸಿಟ್ಟು ಒಂದು ಮೂಲೆಯಲ್ಲಿರಲಿ. ನನ್ನ ಹೊಟ್ಟೆ ದೊಡ್ಡದಿದೆ, ಎರಡಕ್ಕೂ ಜಾಗವಿದೆ.

ಗೀತಾ ನನ್ನ ಒಬ್ಬಳೇ ಮಗಳು. ಪಟಾನ್‌ಚೆರುವಿನ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಜತೆಗೆ ಕೆಲಸ ಮಾಡುತ್ತಿದ್ದ ಪ್ರಕಾಶನನ್ನು ಮದುವೆಯಾದಳು, ಇಬ್ಬರೂ ಜರ್ಮನಿಗೆ ಹೋದರು. ಅಲ್ಲಿ ಒಮ್ಮೆ ಬಸಿರಾಗಿ ಐದನೇ ತಿಂಗಳಲ್ಲಿ ಹೋಗಿಬಿಟ್ಟಿತ್ತು. ಆಕೆ ಅಲ್ಲಿ ಅತ್ತದ್ದು, ನಾನು ಇಲ್ಲಿ ಸಿಕಂದರಾಬಾದಿನ ಅಡುಗೆಮನೆಯಲ್ಲಿ ಫೋನನ್ನು ಕಿವಿಗೆ ಒತ್ತಿ ಹಿಡಿದು ಕುಳಿತದ್ದು, ಕೈ ಚಾಚಿ ತಲೆ ಸವರಲಾಗದ ಆ ಸಂಕಟ ಶತ್ರುವಿಗೂ ಬೇಡ. ಹೀಗಾಗಿ ಹೋದ ವರ್ಷ ಮಳೆಗಾಲದ ಮೊದಲ ಮಳೆ, ಮಿರಗದ ಮಳೆ, ಬಿದ್ದ ದಿನ ಆಕೆಯ ಫೋನು ಬಂದಾಗ ನನಗೆ ಮೊದಲು ಭಯವೇ ಆಯಿತು.

“ಅವ್ವಾ, ಈ ಸಲ ಐದು ದಾಟೈತಿ.”

ನಾನು ಲಟ್ಟಣಿಗೆ ಹಿಡಿದವಳು ಹಾಗೇ ಕುಳಿತೆ. “ಇಷ್ಟ ದಿನ ಯಾಕ ಹೇಳಿಲ್ಲ, ಹುಚ್ಚಿ?”

“ಹೇಳಾಕ ಹೆದರಿಕಿ ಆಗಿತ್ತು. ನವರಾತ್ರಿ ಹೊತ್ತಿಗೆ ದಿನ ತುಂಬತಾವ. ಅವ್ವಾ, ನೀ ಬರ್ಬೇಕು. ಹೆರೂ ಹೊತ್ತಿಗೆ ನೀ ನನ್ನ ಬಾಜೂಕ ಇರ್ಬೇಕು. ಈ ಸಲ ನಂಗ ಒಬ್ಬಾಕಿನೇ ಆಗಾಂಗಿಲ್ಲ.”

ಸಣ್ಣವಳಿದ್ದಾಗಲೂ ಏನನ್ನೂ ಬೇಡದ ಹುಡುಗಿ. ಜಾತ್ರೆಯಲ್ಲಿ ಬಳೆ ಬೇಕೇ ಎಂದರೆ ಬೇಡ ಎನ್ನುತ್ತಿದ್ದಳು. ಮೊದಲ ಸಲ ಬೇಕು ಎಂದಿದ್ದಳು.

“ಬರ್ತೀನಿ,” ಅಂದೆ. “ನಡಕೊಂತರ ಬರ್ತೀನಿ.”

ನಡೆದುಕೊಂಡು ಹೋಗುವುದೇ ಸುಲಭವಿತ್ತೆಂದು ಆಮೇಲೆ ಗೊತ್ತಾಯಿತು.

ಸಿಕಂದರಾಬಾದ್ ಸ್ಟೇಷನ್ನಿನ ಹಿಂದೆ ವೀಸಾದ ಕಾಗದ ಮಾಡಿಕೊಡುವ ಒಂದು ಅಂಗಡಿ. ಅಲ್ಲಿ ಕಿರಣ್ ಅನ್ನುವ ಬೆಂಗಳೂರಿನ ಹುಡುಗ ಕೂರುತ್ತಿದ್ದ. ಅಂಗಿಗೂ ಇಸ್ತ್ರಿ, ಮಾತಿಗೂ ಇಸ್ತ್ರಿ. ಕನ್ನಡದವನು ಸಿಕ್ಕ ಎಂದು ನಮ್ಮವರಿಗೆ ಭಾರೀ ಸಮಾಧಾನ. ಅವರು ರೈಲ್ವೆಯ ಪಾರ್ಸಲ್ ಆಫೀಸಿನಿಂದ ರಿಟೈರ್ ಆದವರು, ಅಂಗಿ ಇಸ್ತ್ರಿ ಇದ್ದವರನ್ನೆಲ್ಲ ನಂಬುತ್ತಾರೆ.

“ಆಂಟಿ, ನೀವು ಅಲ್ಲಿಗೆ ಯಾಕೆ ಹೋಗ್ತಿದೀರಾ?” ಎಂದು ಕೇಳಿದ ಕಿರಣ್.

“ಬಾಣಂತನಕ್ಕ.”

“ಅಯ್ಯೋ, ಹಾಗೆ ಹೇಳ್ಲೇಬೇಡಿ. ಮಗು ನೋಡ್ಕೊಳ್ಳೋಕೆ ಅಂದ್ರೆ ಕೆಲಸಕ್ಕೆ ಬರ್ತಿದಾರೆ ಅಂದ್ಕೋತಾರೆ. ಅಲ್ಲಿ ಆಯಾಗಳಿಗೆ ಸಂಬಳ ಇರತ್ತೆ. ಊರು ನೋಡೋಕೆ ಅನ್ನಿ. ಕೋಟೆ ಇದೆ, ಅರಮನೆ ಇದೆ, ನದೀಲಿ ಬೋಟ್ ಇದೆ.”

“ಗೋಲ್ಕೊಂಡಾ ಕೋಟಿ ಇಲ್ಲೇ ಐತಿ, ಅದನ್ನ ನಾ ಇನ್ನ ಹತ್ತಿಲ್ಲ. ಜರ್ಮನಿಗೆ ಹೋಗಿ ಹತ್ತಲೇನ? ನನ್ನ ಮಗಳು ಬ್ಯಾನಿ ತಿನ್ನುವಾಗ ನಾ ಬೋಟಿನ್ಯಾಗ ಕುಂದ್ರಲೇನ?”

“ಸುಮ್ನೆ ಪೇಪರ್ ಮೇಲೆ, ಆಂಟಿ.”

“ಆಂಟಿ ಅನಬ್ಯಾಡ. ಒಂದು ಅಮ್ಮ ಅನ್ನು, ಇಲ್ಲಾ ಅಕ್ಕಾರ ಅನ್ನು.”

“ಸರಿ ಆಂಟಿ.”

ಬೇಕಾದ ಕಾಗದಗಳನ್ನು ಒಂದೊಂದಾಗಿ ಹೇಳುತ್ತಾ ಹೋದ. ಪಾಸ್‌ಪೋರ್ಟು ಇತ್ತು, ಪಕ್ಕದ ಮನೆಯವರು ಮಾಡಿಸುವಾಗ ನಾವೂ ಮಾಡಿಸಿಟ್ಟಿದ್ದೆವು. ಹೋಗುವ ಟಿಕೇಟು, ತಿರುಗಿ ಬರುವ ಟಿಕೇಟು. ಅಲ್ಲಿ ನಾನು ಜಾರಿ ಬಿದ್ದರೆ ಆಸ್ಪತ್ರೆಗೆ ಕೊಡುವ ವಿಮೆ. ನಮ್ಮವರ ಪಿಂಚಣಿಯ ಕಾಗದ. ಇವಳ ಖರ್ಚು ನಮ್ಮದು ಎಂದು ಗೀತಾ ಅಲ್ಲಿಯ ಸರಕಾರದ ಮುಂದೆ ಬರೆದುಕೊಡುವ ಪತ್ರ. ಗೀತಾ ನನ್ನ ಮಗಳು ಎನ್ನುವುದಕ್ಕೆ ಅವಳ ಜನ್ಮಪತ್ರ, ಅಂದರೆ ಬರ್ತ್ ಸರ್ಟಿಫಿಕೇಟು. ಕೊನೆಗೆ ನಾನೇ ಕೇಳಿದೆ, ತುಪ್ಪ ಎಷ್ಟು ಒಯ್ಯಬಹುದು ಎಂದು.

“ತುಪ್ಪ ಬಿಡಲ್ಲ. ಹಾಲಿನ ಪದಾರ್ಥ ಯಾವುದೂ ಒಳಗೆ ಬಿಡಲ್ಲ ಅವರು.”

“ತುಪ್ಪಿಲ್ದ ಬಾಣಂತನಾನ? ಅಲ್ಲಿ ಹೆಣಮಕ್ಕಳು ಹೆಂಗ ಎದ್ದು ಕುಂದರ್ತಾರ?”

“ಆಂಟಿ, ಪ್ಲೀಸ್. ಬಾಣಂತನ ಅನ್ಬೇಡಿ ಅಂದೆನಲ್ಲ.”

ಫೋಟೋದವನದು ಇನ್ನೊಂದು ಕಥೆ. ವೀಸಾದ ಫೋಟೋದಲ್ಲಿ ಹಲ್ಲು ಕಾಣಬಾರದಂತೆ, ನಗಬಾರದಂತೆ. ಅಜ್ಜಿಯಾಗಲು ಹೊರಟವಳನ್ನು ಕುರ್ಚಿಯ ಮೇಲೆ ಕೂರಿಸಿ ನಗಬೇಡ ಎಂದರೆ ಹೇಗೆ? ತುಟಿ ಬಿಗಿದರೆ ಕೆನ್ನೆ ಉಬ್ಬುತ್ತಿತ್ತು. ಕೆನ್ನೆ ಇಳಿಸಿದರೆ ಕಣ್ಣು ನಗುತ್ತಿದ್ದವು. “ಅಮ್ಮಾ, ಕೊಂಚೆಂ ಸೀರಿಯಸ್,” ಎಂದು ಅವನು ಬೇಡಿಕೊಂಡ. ಕಡೆಗೆ ನಮ್ಮವರು ಹಿಂದಿನಿಂದ, “ನಿನ್ನ ಅತ್ತೀನ ನೆನಸ್ಕೊ,” ಅಂದರು. ಒಂದೇ ಹೊಡೆತಕ್ಕೆ ಫೋಟೋ ಬಂತು.

ಆಷಾಢದ ಜಿಟಿಜಿಟಿಯಲ್ಲಿ ವೀಸಾ ಕಟ್ಟಡಕ್ಕೆ ಹೋದೆವು. ಅರ್ಜಿ ಹಾಕಿದವರಿಗೆ ಮಾತ್ರ ಒಳಗೆ ಪ್ರವೇಶ ಎಂದು ಕಾವಲಿನವನು ನಮ್ಮವರನ್ನು ಮಳೆಯಲ್ಲೇ ನಿಲ್ಲಿಸಿದ. ನನ್ನ ಚೀಲ ತೆಗೆಸಿ, ನೀರಿನ ಬಾಟಲಿ ತೆಗೆಸಿ, ಎಲೆಯಡಿಕೆಯ ಸಂಚಿಯನ್ನು ಎರಡು ಬೆರಳಲ್ಲಿ ಎತ್ತಿ ಸತ್ತ ಇಲಿ ಹಿಡಿದಂತೆ ಪಕ್ಕಕ್ಕಿಟ್ಟ. ಒಳಗೆ ಆ ಮುಗ್ಗಲು ವಾಸನೆ, ಆ ಥಂಡಿ. ನನ್ನ ಸರದಿ ಬಂದಾಗ ಕೌಂಟರಿನಲ್ಲಿ ಗೀತಾಳಿಗಿಂತ ಸಣ್ಣ ವಯಸ್ಸಿನ ಹುಡುಗಿ. ಕಾಗದ ಮಗುಚುತ್ತಾ ಒಂದು ಕಡೆ ನಿಂತಳು.

“ಅಮ್ಮಾ, ಯೇ ಗೀತಾ ಆಪ್ ಕೀ ಕೌನ್?”

“ಬೇಟೀ.”

“ಸಗೀ ಬೇಟೀ?”

ಸ್ವಂತ ಹೊಟ್ಟೆಯವಳೇ ಎಂದು ಕೇಳಿದ್ದು. “ಹಾಂ, ಸಗೀ,” ಅಂದೆ. ಆಕೆ ಗೀತಾಳ ಜನ್ಮಪತ್ರವನ್ನು ನನ್ನ ಕಡೆ ತಿರುಗಿಸಿ, ತಾಯಿಯ ಹೆಸರಿನ ಮೇಲೆ ಬೆರಳಿಟ್ಟಳು.

“ಯೇ ಅಂಬಾಬಾಯಿ ಕೌನ್?”

“ಮೈ.”

“ಆಪ್ ತೋ ಸುಲೋಚನಾ.”

“ವೋ ಭೀ ಮೈ.”

ಹುಡುಗಿ ನನ್ನನ್ನು ನೋಡಿದಳು, ಪಾಸ್‌ಪೋರ್ಟು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಆಮೇಲೆ ಗಾಜಿನ ಹತ್ತಿರ ಬಾಗಿ, ಬಹಳ ಮೆತ್ತಗೆ, ಹಿಂದಿನವರಿಗೆ ಕೇಳಿಸದ ಹಾಗೆ ಕೇಳಿದಳು.

“ಪೆಹಲೀ ಬೀವೀ ಗುಜರ್ ಗಯೀ ಕ್ಯಾ, ಅಮ್ಮಾ?”

ಮೊದಲ ಹೆಂಡತಿ ತೀರಿಹೋದಳೇ ಎಂದು! ನನಗೆ ಹಿಂದಿ ಮರೆತುಹೋಯಿತು. “ಯಾಕವ್ವಾ, ನಿನ್ನ ಮುಂದ ಗಟ್ಟಿ ಕುಂತೀನಿ, ಕಾಣವಲ್ಲೇನ?” ಎಂದು ಕನ್ನಡದಲ್ಲೇ ಒದರಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಕಾವಲಿನವನು ಓಡಿ ಬಂದ. ಹುಡುಗಿ ಮಾತ್ರ ತಾಳ್ಮೆಯಿಂದ, ನಮ್ಮದು ಕಾಗದ ತೆಗೆದುಕೊಂಡು ಕಳಿಸುವ ಕೆಲಸವಷ್ಟೇ, ಹೌದು ಅಲ್ಲ ಎನ್ನುವವರು ಬೇರೆ, ಎಂದು ಹೇಳಿ ನನ್ನ ಬೆರಳಿನ ಗುರುತು ತೆಗೆದುಕೊಂಡಳು. ಆಕೆಯ ಕಣ್ಣಲ್ಲಿ ಕರುಣೆಯಿತ್ತು. ಅದೇ ಹೆಚ್ಚು ಉರಿಯಿತು. ಸತ್ತ ಸವತಿಯ ಮಗಳ ಹೆರಿಗೆಗೆ ಹೊರಟ ಒಳ್ಳೆಯ ಮಲತಾಯಿ ಎಂದು ನನ್ನನ್ನು ಮನಸ್ಸಿನಲ್ಲೇ ಮೆಚ್ಚಿಕೊಳ್ಳುತ್ತಿದ್ದಳು ಆ ಹುಡುಗಿ.

ಈಗ ಈ ಎರಡು ಹೆಸರಿನ ಸಂಗತಿ ಹೇಳಬೇಕು. ನನ್ನ ತವರು ಸೇಡಂ ಕಡೆಯ ಹಳ್ಳಿ. ಅಲ್ಲಿ ನಾನು ಅಂಬಾಬಾಯಿ. ನಮ್ಮಲ್ಲಿ ಮದುವೆಯ ದಿನ ಪರಾತದಲ್ಲಿ ಅಕ್ಕಿ ಹರವಿ, ಗಂಡನ ಕೈಯಲ್ಲಿ ಉಂಗುರ ಕೊಟ್ಟು, ಆ ಅಕ್ಕಿಯ ಮೇಲೆ ಹೆಂಡತಿಗೆ ಹೊಸ ಹೆಸರು ಬರೆಸುತ್ತಾರೆ. ಕೆಲವರು ಶಾಸ್ತ್ರಕ್ಕೆ ಹಳೆಯ ಹೆಸರನ್ನೇ ಬರೆಸಿ ಬಿಟ್ಟುಬಿಡುತ್ತಾರೆ. ನನಗೆ ಆ ಭಾಗ್ಯ ಇರಲಿಲ್ಲ, ಯಾಕೆಂದರೆ ನನ್ನ ಅತ್ತೆಯ ಹೆಸರೂ ಅಂಬಾಬಾಯಿ. ಅತ್ತೆ ಸೊಸೆಗೆ ಒಂದೇ ಹೆಸರಾದರೆ ಸೊಸೆಯನ್ನು ಬೈಯುವುದು ಹೇಗೆ? ‘ಅಂಬಿ, ದರಿದ್ರದಾಕಿ’ ಎಂದರೆ ಯಾರಿಗೆ ತಾಗಬೇಕು? ತೊಂದರೆ ಸಣ್ಣದಲ್ಲ. ಅದಕ್ಕೆ ಆಕೆಯೇ ನಿಂತು ಸುಲೋಚನಾ ಎಂದು ಬರೆಸಿದಳು. ಆಮೇಲೆ ಮನಸಾರೆ ಬೈದಳು.

ಚೊಚ್ಚಲ ಹೆರಿಗೆ ತವರಿನಲ್ಲಿ. ಸೇಡಂ ದವಾಖಾನೆಯಲ್ಲಿ ಗೀತಾ ಹುಟ್ಟಿದಾಗ ತಾಯಿಯ ಹೆಸರೇನೆಂದು ಕೇಳಿದರಂತೆ. ನನ್ನ ಅವ್ವ ಅಂಬಾಬಾಯಿ ಎಂದಳು. ಆಕೆಗೆ ನಾನು ಇನ್ಯಾರು? ಹೈದರಾಬಾದಿಗೆ ಬಂದ ಮೇಲೆ ರೇಷನ್ ಕಾರ್ಡು, ರೈಲ್ವೆ ಪಾಸು, ಬ್ಯಾಂಕು ಎಲ್ಲದರಲ್ಲೂ ಸುಲೋಚನಾ. ಗೀತಾಳ ಶಾಲೆಯಲ್ಲಿ, ಕಾಲೇಜಿನಲ್ಲಿ, ಪಾಸ್‌ಪೋರ್ಟಿನಲ್ಲಿ ಜನ್ಮಪತ್ರ ನೋಡಿ ತಾಯಿ ಅಂಬಾಬಾಯಿ ಎಂದೇ ಇಳಿಸುತ್ತಾ ಬಂದರು. ಇಬ್ಬರು ಹೆಂಗಸರೂ ಇಷ್ಟು ವರ್ಷ ಒಂದೇ ಸೀರೆಯಲ್ಲಿ ಜಗಳವಿಲ್ಲದೆ ಬದುಕಿದ್ದರು. ಆ ಮಳೆಗಾಲದಲ್ಲಿ ಒಬ್ಬಳು ಸತ್ತಳು, ಇನ್ನೊಬ್ಬಳು ಆಕೆಯ ಮಗಳಿಗೆ ಮಲತಾಯಿಯಾದಳು. ನನಗೆ ನಾನೇ ಸವತಿ.

ಶ್ರಾವಣ ಬಂತು. ಪಾಸ್‌ಪೋರ್ಟು ಖಾಲಿ ತಿರುಗಿ ಬಂತು. ಜತೆಗೊಂದು ಕಾಗದ, ಅದರಲ್ಲಿ ಕಾರಣಗಳ ಸಾಲು, ಒಂದರ ಮುಂದೆ ಗುರುತು. ಕಿರಣ್ ಓದಿ ಹೇಳಿದ. ಈಕೆ ಯಾಕೆ ಬರುತ್ತಾಳೆಂದು ಹೇಳಿದ್ದಾಳೋ ಅದು ನಂಬುವ ಹಾಗಿಲ್ಲ ಎಂದಿದ್ದರಂತೆ. ನಂಬುವುದು ಹೇಗೆ? ಮಗಳಲ್ಲದ ಮಗಳ ಮನೆಗೆ, ಕೋಟೆ ಹತ್ತಲು, ಬೋಟಿನಲ್ಲಿ ಕೂರಲು ಹೊರಟ ಮುದುಕಿ! ನಾನಿದ್ದರೂ ನಂಬುತ್ತಿರಲಿಲ್ಲ.

“ನಿನ್ನ ಬೋಟಿಗೆ ಬೆಂಕಿ ಹಚ್ಚಲಿ,” ಎಂದೆ ಕಿರಣನಿಗೆ.

ಅವನು ಮುಖ ತಗ್ಗಿಸಿಕೊಂಡೇ ದಾರಿ ಹೇಳಿದ. ಜನ್ಮಪತ್ರ ತಿದ್ದಿಸಲು ಹೊತ್ತು ಸಾಲದು. ನೋಟರಿ ಮುಂದೆ ಪ್ರಮಾಣ ಮಾಡಿ, ಎರಡೂ ಹೆಸರು ಒಬ್ಬಳದೇ ಎಂದು ಬರೆಸಬೇಕು. ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ತವರಿನ ಹೆಸರಿರುವ ಹಳೆಯ ಕಾಗದ ಯಾವುದಾದರೂ ಬೇಕು. ನನ್ನ ತಮ್ಮ ಸೇಡಂನಿಂದ ನಾಲ್ಕನೇ ಇಯತ್ತೆಯ ಶಾಲೆಯ ಕಾಗದ ಕಳಿಸುತ್ತೇನೆಂದ. ಅಷ್ಟೇ ಓದಿದ್ದು ನಾನು, ಅಲ್ಲಿಯ ತನಕ ಅಂಬಾಬಾಯಿಯಾಗಿಯೇ ಓದಿದ್ದೆ. ಎಲ್ಲ ಸರಿ ಹೋಗುತ್ತಿತ್ತು. ನೋಟರಿಯವನು ಹಾಳೆಯ ಮೇಲೆ ‘ಸುಲೋಚನಾ ಉರ್ಫ್ ಅಂಬಾಬಾಯಿ’ ಎಂದು ಬರೆಯುವುದಾಗಿ ಹೇಳಿದ. ಮನೆಗೆ ಬಂದದ್ದೇ ನಮ್ಮವರು ಛತ್ರಿಯನ್ನು ಮೂಲೆಗೆ ಒಗೆದರು.

“ಉರ್ಫ್? ಪೇಪರಿನ್ಯಾಗ ಯಾರಿಗೆ ಉರ್ಫ್ ಬರೀತಾರ ಗೊತ್ತೈತೇನ? ಬೈಕ್ ಕಳ್ಳರಿಗೆ. ಜೇಬಿಗೆ ಕತ್ರಿ ಹಾಕಾವ್ರಿಗೆ. ನಮ್ಮ ಮನಿ ಹೆಣಮಗಳಿಗೆ ಉರ್ಫ್? ನಮ್ಮ ಮಂದಿ ಓದಿದ್ರ ಏನಂದಾರು?”

“ನಿಮ್ಮ ಮಂದಿ ಪೇಪರ್ ಓದಾಂಗಿಲ್ಲ. ಅದರ ಮ್ಯಾಲ ಚುರುಮುರಿ ಹಾಕ್ಕೊಂಡು ತಿಂತಾರ.”

“ನಗಚಾಟಿ ಬ್ಯಾಡ. ಮದವಿ ದಿನ ನಾ ಬರದ ಹೆಸರದು. ಗುರುಹಿರಿಯರ ಮುಂದ, ಅಕ್ಕಿಯೊಳಗ. ಅದನ್ನ ಈಗ ಒಯ್ದು ನೋಟರಿ ಮುಂದ ಸಂತಿಗೆ ಇಡ್ತೀಯೇನ?”

“ಬರದ್ರಿ, ಹೌದು. ಬರದ ಮ್ಯಾಲ ಆ ಹೆಸರ್ಲೆ ನನ್ನ ಒಮ್ಮೆರ ಕರದೀರೇನ್ರಿ?”

ಅವರು ಒಗೆದ ಛತ್ರಿಯನ್ನೇ ಎತ್ತಿ ಗೋಡೆಗೆ ಒರಗಿಸಿದರು.

“‘ಏ ಕೇಳಿಲ್ಲೇನ’ ಅಂದ್ರಿ. ‘ಇಕಿನ’ ಅಂದ್ರಿ. ಗೀತಾ ಹುಟ್ಟಿದ ಮ್ಯಾಲ ‘ಗೀತಾನ ಅವ್ವಾ’ ಅಂದ್ರಿ. ಅಂಬಾಬಾಯಿ ನಿಮ್ಮ ಅವ್ವಗ ಬ್ಯಾಡಾತು, ಸುಲೋಚನಾ ನಿಮಗ ಬ್ಯಾಡಾತು. ಗೀತಾನ ಅವ್ವ ಅನ್ನೂದೊಂದು ಉಳದಿತ್ತು ನಂಗ. ಅದನ್ನೂ ಈಗ ಆ ಕಾಗದದ ಮಂದಿ ಕಸಗೊಂಡಾರ. ನಿಮಗ ಉರ್ಫ್ ಚಿಂತಿ! ನನ್ನ ಮಗಳು ಅಲ್ಲಿ ಹೊಟ್ಟಿ ಹಿಡಕೊಂಡು ದಾರಿ ಕಾಯಾಕತ್ತಾಳ. ಬರ್ತೀರೊ, ನಾ ಒಬ್ಬಾಕಿನೇ ಹೋಗ್ಲೊ?”

ಅವರು ಕಟ್ಟೆಗೆ ಹೋಗಿ ಕುಳಿತರು. ಓಣಿಯಲ್ಲಿ ನೀರು ಮೊಣಕಾಲಿಗೆ ಬಂದಿತ್ತು. ಯಾರದೋ ಚಪ್ಪಲಿ ತೇಲಿ ಹೋಗುವುದನ್ನು ಬಹಳ ಹೊತ್ತು ನೋಡಿದರು. ನಾನು ಊಟಕ್ಕೆ ಕರೆಯಲಿಲ್ಲ. ಮರುದಿನ ಬೆಳಗ್ಗೆ ತೊಯ್ದ ಪ್ಯಾಂಟನ್ನೇ ಏರಿಸಿಕೊಂಡು ಬಾಗಿಲಲ್ಲಿ ನಿಂತು, “ನಡಿ,” ಅಂದರು. ಆಗಲೂ ಹೆಸರಿಲ್ಲ!

ನೋಟರಿಯ ಮುಂದೆ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ಗಂಡನೂ ಬಾಯಿಬಿಟ್ಟು ಹೇಳಬೇಕು ಎಂದ ಆತ. ಯಾವ ಹೆಸರುಗಳು, ಯಾರದು, ಎಲ್ಲ. ನಮ್ಮವರು ಗಂಟಲು ಸರಿಮಾಡಿಕೊಂಡರು.

“ಸುಲೋಚನಾ ಮೇರೀ ಬೀವೀ ಹೈ.”

“ಔರ್ ಅಂಬಾಬಾಯಿ?” ಎಂದ ನೋಟರಿ, ಬರೆಯುತ್ತಲೇ.

ತನ್ನ ಅವ್ವನ ಹೆಸರು ಹಿಡಿದು, ತುಂಬಿದ ಅಂಗಡಿಯಲ್ಲಿ, ಅದೂ ನನ್ನ ಹೆಂಡತಿಯೇ ಎಂದು ಹೇಳಬೇಕಾಗಿ ಬಂದಾಗ ಅವರ ಮುಖ ನೀವು ನೋಡಬೇಕಿತ್ತು. ಬೆವರು ಒಡೆದಿತ್ತು. ಹೇಳಿದರು. ಎರಡನೇ ಸಲ, ಗಟ್ಟಿಯಾಗಿ ಹೇಳಿ ಎಂದ ನೋಟರಿ. ಗಟ್ಟಿಯಾಗಿಯೂ ಹೇಳಿದರು. ನನಗೆ ಕನಿಕರ ಬರಲಿಲ್ಲ. ತಂಪಾಯಿತು. ಅತ್ತೆ ಎಲ್ಲಿದ್ದರೂ ಕೇಳಿಸಿಕೊಂಡಿರಲಿ ಎನ್ನಿಸಿತು.

ಕಿರಣನ ಅಂಗಡಿಗೆ ಹೋಗಿ, ನಾನು ಯಾಕೆ ಹೋಗುತ್ತೇನೆಂದು ಅವನು ಬರೆದಿದ್ದ ಹಳೆಯ ಪತ್ರದಿಂದ ಕೋಟೆ, ಅರಮನೆ, ಬೋಟು ಎಲ್ಲ ಹೊಡೆಸಿಹಾಕಿದೆ.

“ನನ್ನ ಮಗಳ ಹೆರಿಗಿ ಐತಿ. ನಾ ಆಕಿ ಹಡದವ್ವ. ಬಾಜೂಕ ಕುಂದ್ರಾಕ ಹೊಂಟೀನಿ. ಎಷ್ಟು ದಿನಕ್ಕ ಬಿಡ್ತೀರಿ ಅಷ್ಟಕ್ಕ ತಿರುಗಿ ಬರ್ತೀನಿ. ಇಷ್ಟ ಬರಿ.”

“ಇಷ್ಟೇನಾ? ರಿಸ್ಕ್ ಆಗತ್ತೆ ಆಂಟಿ.”

“ಬರಿ ಅಂದ್ರ ಬರಿ.”

ಮತ್ತೆ ಅದೇ ಕಟ್ಟಡ, ಅದೇ ಗಾಜು, ಅದೇ ಹುಡುಗಿ. ಪ್ರಮಾಣದ ಹಾಳೆ ಓದಿದಳು, ಪೇಪರಿನ ತುಣುಕು ಓದಿದಳು. ತಲೆ ಎತ್ತಿ, ಇಬ್ಬರೂ ನಾನೇ ಎಂದು ತಿಳಿದು, ಬಾಯಿಗೆ ಕೈ ಹಿಡಿದಳು. “ಅಚ್ಛಾ, ತೋ ದೋನೋಂ ಆಪ್ ಹೀ! ಮುಬಾರಕ್, ಅಮ್ಮಾ.” ಕೂಸು ಹುಟ್ಟುವ ಮೊದಲೇ ಯಾರಾದರೂ ಮುಬಾರಕ್ ಎನ್ನುತ್ತಾರೆಯೇ? ಹೊರಗೆ ಬಂದು ಮೂರು ಸಲ ಥೂ ಥೂ ಅಂದೆ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಯಾರನ್ನಾದರೂ ಹೊಡೆಯಬೇಕೆನ್ನಿಸುತ್ತದೆ. ಗಣಪತಿ ಕೂತ, ಎದ್ದ, ಡೋಲು ತಾಸೆಗಳ ಜತೆ ಮಳೆಯಲ್ಲೇ ಮುಳುಗಲು ಹೋದ. ಪಾಸ್‌ಪೋರ್ಟಿನ ಸುದ್ದಿಯಿಲ್ಲ. ನಾನು ಬಾಣಂತಿಯ ಉಂಡಿಗೆಂದು ಅಳವಿ ಆರಿಸಿದೆ, ಉತ್ತತ್ತಿ ಕುಟ್ಟಿದೆ, ಅಂಟು ಕಟ್ಟಿಟ್ಟೆ, ಮತ್ತೆ ಬಿಚ್ಚಿ ಕಟ್ಟಿದೆ. ಕೊರಿಯರಿನ ಗಾಡಿ ಓಣಿಯಲ್ಲಿ ತಿರುಗಿದರೆ ಬಾಗಿಲಿಗೆ ಓಡುತ್ತಿದ್ದೆ. ಅದು ಯಾರದೋ ಚಪ್ಪಲಿ, ಯಾರದೋ ಮಿಕ್ಸಿ ತಂದಿರುತ್ತಿತ್ತು. ಗೀತಾಳ ಕಾಲು ಬಾತಿದ್ದವು. ಡಾಕ್ಟರು ಎಣಿಸಿದ್ದಕ್ಕಿಂತ ಮೊದಲೇ ಆಗಬಹುದು ಎಂದಿದ್ದರಂತೆ. ಒಂದು ದಿನ ಆಕೆ ಫೋನಿನಲ್ಲಿ, “ಬ್ಯಾಡ ಬಿಡವ್ವಾ, ಭಾಳ ತ್ರಾಸ ಆಗಾಕತ್ತೈತಿ ನಿಂಗ. ಇಲ್ಲಿ ನರ್ಸ್‌ಗೋಳು ಚಲೋ ಅದಾರ,” ಅಂದಳು.

ಮತ್ತೆ ಬೇಡ ಎನ್ನಲು ಸುರುಮಾಡಿದ್ದಳು ನನ್ನ ಹುಡುಗಿ. “ಬ್ಯಾಡ ಅನಬ್ಯಾಡ,” ಎಂದು ಗದರಿಸಿ ಫೋನಿಟ್ಟು, ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಮಹಾನವಮಿ ಅಮಾವಾಸ್ಯೆಗೆ ಇನ್ನೂ ವಾರವಿದ್ದಾಗ, ಒಂದು ಮಧ್ಯಾಹ್ನ, ತೊಯ್ದ ಲಕೋಟೆ ಬಂತು. ತೆರೆಯಲು ನನ್ನ ಕೈಯಲ್ಲಿ ಆಗಲಿಲ್ಲ. ನಮ್ಮವರು ಹರಿದು, ಹಾಳೆ ಮಗುಚಿ, ಕನ್ನಡಕ ಏರಿಸಿ ನೋಡಿದರು. ಹಾಳೆ ತುಂಬ ಅಂಟಿಸಿದ ವೀಸಾದ ಚೀಟಿ, ಅದರಲ್ಲಿ ನನ್ನ ಅತ್ತೆಯನ್ನು ನೆನೆಸಿಕೊಂಡ ಮುಖ. ನಾನು ಪಾಸ್‌ಪೋರ್ಟನ್ನು ಎದೆಗೆ ಅವಚಿಕೊಂಡು ಅಂಗಳದ ಮಳೆಯಲ್ಲಿ ಗಿರಗಿರನೆ ತಿರುಗಿದೆ. “ಏ ತ್ವಾಸಬ್ಯಾಡ, ತ್ವಾಸಬ್ಯಾಡ, ಶಾಯಿ ಹೋಗ್ತೈತಿ!” ಎಂದು ನಮ್ಮವರು ಛತ್ರಿ ಹಿಡಿದು ನನ್ನ ಹಿಂದೆ ಓಡಿದರು. ನನಗಲ್ಲ ಛತ್ರಿ, ಪಾಸ್‌ಪೋರ್ಟಿಗೆ.

ಜರ್ಮನಿಯ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಮತ್ತೊಬ್ಬ. ನನಗೋ ಹಿಗ್ಗು ತಡೆಯುತ್ತಿಲ್ಲ, ಬಾಯಿ ಮುಚ್ಚುತ್ತಿಲ್ಲ. ಆತ ಚೀಟಿಯ ಫೋಟೋ ನೋಡಿದ, ನನ್ನನ್ನು ನೋಡಿದ. ಚೀಟಿಯಲ್ಲಿದ್ದವಳು ಮುಖ ಗಂಟಿಕ್ಕಿದವಳು, ಎದುರಿಗಿದ್ದವಳು ಹಲ್ಲು ಕಿರಿಯುತ್ತಿದ್ದವಳು. ಇವಳು ಮೂರನೆಯವಳೋ ಏನೋ ಎಂದುಕೊಂಡಿರಬೇಕು. ಏನೋ ಕೇಳಿದ. ಗೀತಾ ಕಲಿಸಿದ್ದ ಇಂಗ್ಲಿಷ್ ಮಾತು ಒಂದೂ ನೆನಪಾಗಲಿಲ್ಲ. ಸೆರಗಿನ ಮೇಲೆ ಎರಡೂ ಕೈಯಿಂದ ದೊಡ್ಡ ಹೊಟ್ಟೆ ಬಿಡಿಸಿ ತೋರಿಸಿ, “ಡಾಟರ್,” ಅಂದೆ. ಆತ ನಗಲಿಲ್ಲ. ತಿರುಗಿ ಹೋಗುವ ಟಿಕೇಟು ಕೇಳಿದ, ವಿಮೆ ಕೇಳಿದ, ನೋಡಿದ, ಶಿಕ್ಕಾ ಒತ್ತಿದ. ಆ ಧಪ್ ಎನ್ನುವ ಸದ್ದು ಕೇಳಿದ್ದೇ ಚೀಲ ಎತ್ತಿಕೊಂಡು ಹೊರಟೆ.

ಹೊರಗೆ ಗೀತಾ ನಿಂತಿದ್ದಳು. ಬರಬೇಡ ಎಂದಿದ್ದರೂ ಬಂದಿದ್ದಳು. ಅಪ್ಪಿಕೊಳ್ಳಲು ಹೋದರೆ ಹೊಟ್ಟೆ ಅಡ್ಡ ಬಂತು. ಪಕ್ಕದಿಂದ ಅಪ್ಪಿಕೊಂಡೆ.

ನವರಾತ್ರಿಯ ಘಟಸ್ಥಾಪನೆಯ ಮುಂಚಿನ ದಿನ ಬ್ಯಾನಿ ಸುರುವಾದವು. ಆಸ್ಪತ್ರೆಯಲ್ಲಿ ಮೊದಲು ಪ್ರಕಾಶ ಒಳಗೆ ಹೋದ. ನಾನು ಹೊರಗೆ ಬೆಂಚಿನ ಮೇಲೆ. ಮಡಿಲಲ್ಲಿ ಕಾಗದದ ಚೀಲ. ಪಾಸ್‌ಪೋರ್ಟು, ಪ್ರಮಾಣದ ಹಾಳೆ, ಪೇಪರಿನ ತುಣುಕು, ಶಾಲೆಯ ಕಾಗದ, ಒಂದನ್ನೂ ಬಿಟ್ಟು ಬಂದಿರಲಿಲ್ಲ. ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ ನಾನು. ಸ್ವಲ್ಪ ಹೊತ್ತಿಗೆ ಅಳಿಯ ಗೋಡೆ ಹಿಡಿದುಕೊಂಡು ಹೊರಗೆ ಬಂದ. ರಕ್ತ ನೋಡಿ ತಲೆ ತಿರುಗಿತ್ತು, ಮುಖ ಸುಣ್ಣ.

“ಅತ್ತೀ, ನೀವ ಹೋಗ್ರಿ,” ಎಂದು ಕುಸಿದು ಕುಳಿತ.

ನಾನು ಬಾಗಿಲು ದೂಡಿದೆ. ಒಳಗೆ ಎತ್ತರದ, ಗಟ್ಟಿಮುಟ್ಟಿನ ಸೂಲಗಿತ್ತಿ, ಬಿಳಿ ಕೂದಲಿನವಳು, ನನ್ನನ್ನು ಕಂಡು ಅಂಗೈ ಎತ್ತಿ ಅಲ್ಲೇ ನಿಲ್ಲಿಸಿದಳು. ಏನೋ ಕೇಳಿದಳು. ಭಾಷೆ ತಿಳಿಯದಿದ್ದರೂ ಕೇಳಿದ್ದು ತಿಳಿಯಿತು. ಆ ಮಳೆಗಾಲ ಪೂರ್ತಿ ಎಲ್ಲರೂ ನನ್ನನ್ನು ಅದೊಂದನ್ನೇ ಕೇಳಿದ್ದರು. ನೀನು ಯಾರು? ಬೈಗುಳ ಗಂಟಲಿಗೆ ಬಂತು. ನುಂಗಿಕೊಂಡು, ಚೀಲದ ಜಿಪ್ಪು ಎಳೆದೆ. ಅದು ಸಿಕ್ಕಿಕೊಂಡಿತು.

ಅಷ್ಟರಲ್ಲಿ ಮಂಚದ ಮೇಲಿಂದ ಗೀತಾ ಚೀರಿದಳು. “ಅವ್ವಾ!”

ಸೂಲಗಿತ್ತಿ ಆಕೆಯನ್ನು ನೋಡಿದಳು. ನನ್ನನ್ನು ನೋಡಿದಳು. ಎತ್ತಿದ ಅಂಗೈಯನ್ನು ಇಳಿಸಿ, ಆ ಕೈಯಿಂದಲೇ ತನ್ನ ಕುರ್ಚಿಯನ್ನು ಮಂಚದ ಪಕ್ಕಕ್ಕೆ ಎಳೆದು ನನಗೆ ಕೊಟ್ಟಳು. ಚೀಲ ಎಲ್ಲಿ ಬಿತ್ತೋ ನನಗೆ ಗೊತ್ತಿಲ್ಲ. ಗೀತಾ ನನ್ನ ಕೈ ಹಿಡಿದಳು. ಹಿಡಿದ ಹಿಡಿತಕ್ಕೆ ಬಳೆ ಒಡೆದು ಅಂಗೈಯಲ್ಲಿ ನೆಟ್ಟಿತು. ಇನ್ನೂ ಹಿಡಿ, ಇನ್ನೂ ಹಿಡಿ ಎಂದೆ. ಕಾಲಿನ ಕಡೆ ಸೂಲಗಿತ್ತಿ ಏನೋ ಹೇಳುತ್ತಿದ್ದಳು, ತಲೆಯ ಕಡೆ ನಾನು ಏನೋ ಹೇಳುತ್ತಿದ್ದೆ. ಇಬ್ಬರೂ ಒಂದನ್ನೇ ಹೇಳುತ್ತಿದ್ದೆವು ಎಂದು ಕಾಣುತ್ತದೆ, ಯಾಕೆಂದರೆ ಗೀತಾ ಇಬ್ಬರ ಮಾತನ್ನೂ ಕೇಳಿದಳು.

ಹೆಣ್ಣು. ಬಂದವಳೇ ಎರಡೂ ಮುಷ್ಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡು, ಆಸ್ಪತ್ರೆ ಹಾರಿಹೋಗುವ ಹಾಗೆ ಒದರತೊಡಗಿದಳು. ಯಾರ ಮೇಲೆ ಅಷ್ಟು ಸಿಟ್ಟೋ! ನಾನು ನಗುತ್ತಿದ್ದೆ, ಅಳುತ್ತಿದ್ದೆ, ಮೂಗನ್ನು ಸೆರಗಿಗೆ ಒರೆಸುತ್ತಿದ್ದೆ. ಇಂಥ ಚಂದದ ಸಿಟ್ಟನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

ಸೂಲಗಿತ್ತಿ ಕೂಸನ್ನು ಗೀತಾಳ ಎದೆಯ ಮೇಲಿಟ್ಟು, ಜೇಬಿನಿಂದ ಪೆನ್ನು ತೆಗೆದು ಏನೋ ಕೇಳಿದಳು.

“ಏನಂತ?” ಅಂದೆ.

“ಕೂಸಿನ ಹೆಸರು ಕೇಳಾಕತ್ತಾರವ್ವಾ. ಬರಕೋಬೇಕಂತ.”

“ಇನ್ನ ತೊಟ್ಟಿಲಿಗೇ ಹಾಕಿಲ್ಲ, ಈಗೇನ ಅವಸರ ಅಕಿಗೆ?” ಅಂದೆ. “ತಡಿ ಅಂತ ಹೇಳು. ಮೊದಲ ಒದರಲಿ.”